ವನಜಾ ಬೀಗ ಹಾಕಿದ ಕಡತ

ವನಜಾಳ ಕೈಗೆ ಕೊಟ್ಟ ಕಾಗದ ಕಳೆದುಹೋಗುವುದಿಲ್ಲ ಎಂಬ ಮಾತು ಅವಳು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಕಾರ್ಖಾನೆಯ ತುಂಬ ಹಬ್ಬಿತ್ತು. ಪೀಣ್ಯ ಎರಡನೇ ಹಂತದ ಆ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ಅವಳು ಮಾಡಿದ್ದು ಅದೊಂದೇ ಕೆಲಸ. ನಕ್ಷೆ, ತಪಾಸಣೆಯ ಪಟ್ಟಿ, ಗ್ರಾಹಕರ ಪತ್ರ, ರಜೆ ಅರ್ಜಿ ಎಲ್ಲಕ್ಕೂ ನಂಬರು ಕೊಟ್ಟು ಫೈಲಿಗೆ ಸೇರಿಸಬೇಕು, ಕೇಳಿದ ದಿನ ತೆಗೆದುಕೊಡಬೇಕು. ಸ್ಕ್ಯಾನರ್ ಬಂದ ಮೇಲೆ ಅದೇ ಕೆಲಸ ಕಂಪ್ಯೂಟರಿಗೆ ಹೋಯಿತು. ಅವಳ ಕುರ್ಚಿ ಮಾತ್ರ ಕಿಟಕಿಯ ಪಕ್ಕವೇ ಉಳಿಯಿತು. ಕಿಟಕಿಯಾಚೆ ಪ್ಲೇಟಿಂಗ್ ಶೆಡ್ಡಿನ ತಗಡಿನ ಮಾಡು ಕಾಣುತ್ತಿತ್ತು.

ಆ ಶೆಡ್ಡಿನಲ್ಲಿ ಅವಳ ಅಣ್ಣ ಮುನಿಕೃಷ್ಣ ಇಪ್ಪತ್ತಮೂರು ವರ್ಷ ದುಡಿದಿದ್ದ. ಮಣ್ಣು ಅಗೆಯುವ ಯಂತ್ರಗಳ ತೋಳಿಗೆ ಬೇಕಾದ ಉಕ್ಕಿನ ರಾಡುಗಳನ್ನು ಕ್ರೋಮಿಯಂ ದ್ರಾವಣದ ತೊಟ್ಟಿಗಳಲ್ಲಿ ಇಳಿಬಿಟ್ಟು ಕನ್ನಡಿಯ ಹಾಗೆ ಹೊಳೆಯಿಸುವುದು ಅಲ್ಲಿನ ಕೆಲಸ. ತೊಟ್ಟಿಯಿಂದ ಸದಾ ಹಳದಿ ಆವಿ ಏಳುತ್ತಿತ್ತು. ಅದನ್ನು ಎಳೆದು ಹೊರಹಾಕಬೇಕಾದ ಫ್ಯಾನುಗಳಲ್ಲಿ ಅರ್ಧಕ್ಕರ್ಧ ಕೆಟ್ಟು ನಿಂತಿರುತ್ತಿದ್ದವು.

ಮದುವೆಯಾದ ನಾಲ್ಕೇ ವರ್ಷಕ್ಕೆ ವನಜಾ ಗಂಡನ ಮನೆ ಬಿಟ್ಟು ಲಗ್ಗೆರೆಗೆ ಹಿಂತಿರುಗಿದಾಗ ಊರವರೆಲ್ಲ ಒಂದೊಂದು ಮಾತಾಡಿದರು. ಮುನಿಕೃಷ್ಣ ಮಾತ್ರ ಏನೂ ಕೇಳಲಿಲ್ಲ. ಮಹಡಿಯ ಮೇಲಿನ ಕೋಣೆಯನ್ನು ತೊಳೆಸಿ ಕೊಟ್ಟ. ಹದಿನೈದು ದಿನ ಬಿಟ್ಟು, "ನಾಳೆ ನನ್ ಜೊತೆ ಬಾ, ಆಫೀಸ್ನಾಗೆ ಬರೆಯೋ ಕೆಲ್ಸ ಐತೆ" ಅಂದ. ಅವತ್ತಿನಿಂದ ಅಣ್ಣ ತಂಗಿ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು.

2019ರಲ್ಲಿ ಅವನಿಗೆ ಮೆಟ್ಟಿಲು ಹತ್ತಲು ಆಗದಂತಾಯಿತು. ಕೆಮ್ಮಿದರೆ ರಕ್ತ ಬೀಳುತ್ತಿತ್ತು. ಶ್ವಾಸಕೋಶದ ಕ್ಯಾನ್ಸರ್ ಎಂದು ಆಸ್ಪತ್ರೆಯವರು ಹೇಳಿದಾಗ ಯಾರೂ ಕಾರಣ ಹುಡುಕಲಿಲ್ಲ. ಅವನು ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದ. ಬೀಡಿಯೇ ಅವನನ್ನು ತಿಂದಿತು ಎಂದು ಮನೆಯವರು, ನೆಂಟರು ಅಂದರು, ಕೊನೆಗೆ ಅವನೂ ಒಪ್ಪಿಕೊಂಡ. "ಸೇದಬೇಡ ಅಂತ ಎಷ್ಟು ಬಡ್ಕೊಂಡ್ವಿ, ಕೇಳಿದ್ಯಾ ನೀನು" ಎಂದು ವನಜಾ ಹಾಸಿಗೆಯ ಪಕ್ಕ ಕೂತು ಬೈಯುತ್ತಿದ್ದಳು. ಅವನು ತಪ್ಪು ಮಾಡಿದವನ ಹಾಗೆ ಗೋಡೆಯ ಕಡೆ ಹೊರಳಿಕೊಳ್ಳುತ್ತಿದ್ದ. 2022ರ ಯುಗಾದಿಗೆ ಎಂಟು ದಿನ ಇರುವಾಗ ತೀರಿಕೊಂಡ.

ಇದಾಗಿ ಮೂರು ವರ್ಷದ ಮೇಲೆ ಕಾರ್ಖಾನೆಗೆ ಎಐ ಸಹಾಯಕ ತರುವ ಮಾತು ಬಂತು.

ಮಾತು ಶುರುವಾದದ್ದು ಒಂದು ಎಡವಟ್ಟಿನಿಂದ. ಡಿಸೈನ್ ವಿಭಾಗದ ಎಂಜಿನಿಯರ್ ಒಬ್ಬ ಹೊರದೇಶದ ಗ್ರಾಹಕರ ಗುಟ್ಟಿನ ನಕ್ಷೆಯನ್ನು ಇಂಟರ್ನೆಟ್ಟಿನ ಯಾವುದೋ ಪುಕ್ಕಟೆ ಎಐಗೆ ಹಾಕಿ, ಅದರಿಂದ ಪತ್ರ ಬರೆಸಿಕೊಂಡಿದ್ದ. ಅದು ಗ್ರಾಹಕರಿಗೆ ಗೊತ್ತಾಗಿ ಕಟುವಾದ ಈಮೇಲ್ ಬಂತು. ಕಾರ್ಖಾನೆಯ ಮಾಲೀಕ ಸಂಗಮೇಶ್, ತಂದೆಯ ಕಾಲಾನಂತರ ಆರು ವರ್ಷದಿಂದ ಅದನ್ನು ನಡೆಸುತ್ತಿದ್ದವನು, ಎಲ್ಲರನ್ನೂ ಕ್ಯಾಂಟೀನಿನಲ್ಲಿ ಸೇರಿಸಿದ. "ಬೇಡ ಅಂದ್ರೆ ಕದ್ದು ಬಳಸ್ತೀರಿ. ಅದಕ್ಕೆ ಕಂಪನಿಯಿಂದಾನೇ ಒಂದು ಕೊಡ್ತೀನಿ. ಆದರೆ ಅದಕ್ಕೂ ಮುಂಚೆ ನಮ್ಮ ಮನೆ ನಾವು ಗುಡಿಸ್ಕೋಬೇಕು" ಅಂದ.

ಹಾಗೆ ಗುಡಿಸುವುದಕ್ಕೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪ್ಯೂಟರ್ ಭದ್ರತಾ ಸಂಸ್ಥೆಯಿಂದ ಬಿಂದುಶ್ರೀ ಎಂಬ ಹುಡುಗಿ ಬಂದಳು. ಮೂವತ್ತು ತುಂಬಿರಲಿಲ್ಲ. ಅತ್ತಿಬೆಲೆಯಲ್ಲಿ ಮನೆ. ಊರಿನ ಆ ತುದಿಯಿಂದ ಈ ತುದಿಗೆ ಬಂದು ಒಂಬತ್ತಕ್ಕೆ ಕುರ್ಚಿಯಲ್ಲಿ ಇರುತ್ತಿದ್ದಳು. ಬಂದ ದಿನವೇ ಕೇಳಿದಳು, "ಈ ಕಂಪನಿಯಲ್ಲಿ ಯಾವ ಫೈಲ್ ಎಲ್ಲಿದೆ ಅಂತ ಗೊತ್ತಿರೋರು ಯಾರು?" ಎಲ್ಲರೂ ವನಜಾಳ ಕಡೆ ನೋಡಿದರು.

ಆರು ವಾರ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಕೆಲಸ ಮಾಡಿದರು. ಮೊದಲ ದಿನ ಬಿಂದುಶ್ರೀ ಹೇಳಿದ್ದನ್ನು ವನಜಾ ತನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡಳು.

"ಅಕ್ಕ, ಜನ ಏನು ತಿಳ್ಕೊಂಡಿದಾರೆ ಅಂದ್ರೆ, ಈ ಎಐ ಬಂದು ಬೀಗ ಒಡೆದು ಒಳಗೆ ನುಗ್ಗುತ್ತೆ ಅಂತ. ಹಂಗಲ್ಲ. ಅದು ಯಾವ ಬೀಗನೂ ಒಡೆಯಲ್ಲ. ನಾವೇ ತೆಗೆದಿಟ್ಟಿರೋ ಬಾಗಿಲು ಹುಡುಕಿ ಒಳಗಿರೋದನ್ನ ಎರಡು ಸೆಕೆಂಡಲ್ಲಿ ತಂದು ಕೊಡುತ್ತೆ. ಇಷ್ಟು ವರ್ಷ ಬಾಗಿಲು ತೆಗೆದಿದ್ರೂ ಯಾರಿಗೂ ಗೊತ್ತಿರ್ಲಿಲ್ಲ, ಅಷ್ಟೇ."

ತೆಗೆದ ಬಾಗಿಲುಗಳು ಒಂದೆರಡಲ್ಲ. ಕೆಲಸ ಬಿಟ್ಟು ಐದು ವರ್ಷವಾದವರ ಖಾತೆಗಳು ಇನ್ನೂ ಜೀವಂತವಾಗಿದ್ದವು. ಬ್ಯಾಂಕಿನ ಪಾಸ್‌ವರ್ಡುಗಳು 'ಮುಖ್ಯ' ಎಂಬ ಹೆಸರಿನ ಎಕ್ಸೆಲ್ ಹಾಳೆಯಲ್ಲಿ ಎಲ್ಲರಿಗೂ ಕಾಣುವಂತೆ ಬಿದ್ದಿದ್ದವು. ವನಜಾ ಒಂದೊಂದು ಫೋಲ್ಡರಿನ ಮುಂದೆಯೂ ಅದು ಯಾರದು, ಯಾರು ನೋಡಬಹುದು ಎಂದು ಬರೆಯುತ್ತ ಹೋದಳು. ಮೂರು ಗುರುತು: ಎಲ್ಲರಿಗೆ, ವಿಭಾಗಕ್ಕೆ, ಗೋಪ್ಯ. ಇದರ ಜೊತೆಗೆ ಯಾರು ಏನನ್ನು ತೆರೆದರು, ಏನನ್ನು ಪ್ರಿಂಟ್ ಮಾಡಿದರು ಎಂಬ ಲೆಕ್ಕ ಬರೆದಿಡುವ ವ್ಯವಸ್ಥೆಯನ್ನೂ ಬಿಂದುಶ್ರೀ ಚಾಲೂ ಮಾಡಿದಳು. ಹೊಸ ನಿಯಮಗಳ ಪತ್ರಕ್ಕೆ ಇಡೀ ಕಾರ್ಖಾನೆಯಲ್ಲಿ ಮೊದಲ ಸಹಿ ವನಜಾಳದು. ಅವಳಿಗೆ ಹೆಮ್ಮೆಯಿತ್ತು. ಅಷ್ಟು ವರ್ಷದಲ್ಲಿ ಮೊದಲ ಸಲ ಮೇಲಿನವರು ಅವಳ ಮೇಜಿಗೇ ಬಂದು ಪ್ರಶ್ನೆ ಕೇಳುತ್ತಿದ್ದರು.

ಐದನೆಯ ವಾರ ಪರೀಕ್ಷೆ. ಕೆಳಗೆ ಯಂತ್ರಗಳ ಬಳಿ ದುಡಿಯುವ ಸಾಮಾನ್ಯ ಕೆಲಸಗಾರನಿಗಿರುವ ಅನುಮತಿಯನ್ನಷ್ಟೇ ಕೊಟ್ಟು ಒಂದು ಪರೀಕ್ಷಾ ಖಾತೆ ತೆರೆದಿದ್ದರು. ಅದರಿಂದ ಸಹಾಯಕನಿಗೆ ಪ್ರಶ್ನೆ ಕೇಳಬೇಕು. ಕಾಣಬಾರದ್ದು ಕಂಡರೆ ಗುರುತು ಮಾಡಿಕೊಳ್ಳಬೇಕು.

"ಇಂಗ್ಲಿಷಲ್ಲಿ ನಾನು ಎಲ್ಲಾ ಕೇಳಿ ಆಯ್ತು," ಎಂದಳು ಬಿಂದುಶ್ರೀ. "ಆದ್ರೆ ಕೆಳಗೆ ಯಾರೂ ಹಂಗೆ ಕೇಳಲ್ಲ. ನೀವು ನಿಮ್ಮ ಕನ್ನಡದಲ್ಲಿ ಕೇಳಿ ಅಕ್ಕ. ಮನಸ್ಸಿಗೆ ಬಂದಿದ್ದು ಕೇಳಿ."

ವನಜಾ ಕ್ಯಾಂಟೀನಿನ ಸಮಯ ಕೇಳಿದಳು. ಮಾಲೀಕರ ಮನೆ ವಿಳಾಸ ಕೇಳಿದಳು, ಅದು ಹೇಳಲಿಲ್ಲ. ಯಾರ ಸಂಬಳ ಎಷ್ಟು ಎಂದು ಕೇಳಿದಳು, ಅದನ್ನೂ ಹೇಳಲಿಲ್ಲ. ಬಿಂದುಶ್ರೀ ತಲೆಯಾಡಿಸುತ್ತ ಗುರುತು ಹಾಕಿಕೊಂಡಳು. ಆಮೇಲೆ ವನಜಾ ಕಿಟಕಿಯಾಚೆ ನೋಡುತ್ತ, ಏನನ್ನೂ ಯೋಚಿಸದೆ, ಟೈಪ್ ಮಾಡಿದಳು: ಪ್ಲೇಟಿಂಗ್‌ನಲ್ಲಿ ಕೆಲಸ ಮಾಡಿದರೆ ಆರೋಗ್ಯಕ್ಕೆ ಏನಾದರೂ ತೊಂದರೆ ಇದೆಯಾ?

ಉತ್ತರ ಅಚ್ಚುಕಟ್ಟಾದ ಕನ್ನಡದಲ್ಲಿ ಬಂತು. 2016ರ ವೈದ್ಯಕೀಯ ತಪಾಸಣಾ ವರದಿಯ ಪ್ರಕಾರ ಪ್ಲೇಟಿಂಗ್ ವಿಭಾಗದ ಹನ್ನೊಂದು ಮಂದಿಯ ಮೂತ್ರದಲ್ಲಿ ಕ್ರೋಮಿಯಂ ಪ್ರಮಾಣ ಮಿತಿಗಿಂತ ಹೆಚ್ಚಾಗಿತ್ತು. ಏಳು ಮಂದಿಗೆ ಮೂಗಿನ ನಡುಗೋಡೆಯಲ್ಲಿ ರಂಧ್ರ ಕಂಡುಬಂದಿತ್ತು. ಶ್ವಾಸಕೋಶದ ಕ್ಯಾನ್ಸರಿನ ಅಪಾಯವಿರುವುದರಿಂದ ಎಲ್ಲರನ್ನೂ ಕೂಡಲೇ ಬೇರೆ ವಿಭಾಗಕ್ಕೆ ಕಳಿಸಬೇಕೆಂದು ವೈದ್ಯರು ಸೂಚಿಸಿದ್ದರು. ಹಾಗೆ ಕಳಿಸಿದ್ದಕ್ಕೆ ದಾಖಲೆ ಸಿಗಲಿಲ್ಲ. ಕೆಳಗೆ ಹನ್ನೊಂದು ಹೆಸರು. ಮೊದಲನೆಯದು ಸಿ. ಮುನಿಕೃಷ್ಣ.

ಅವಳು ಅದನ್ನು ಎರಡು ಸಲ ಓದಿದಳು. ಬಿಂದುಶ್ರೀ ಪಕ್ಕದಿಂದ ಬಗ್ಗಿ ನೋಡಿ, "ಓ, ಇದು ದೊಡ್ಡ ಲೀಕು. ಯಾವ ಫೈಲಿಂದ ಬಂತು ನೋಡಿ ಅಕ್ಕ" ಅಂದಳು.

ಉತ್ತರದ ತುದಿಯಲ್ಲಿ ಫೈಲಿನ ಕೊಂಡಿಯಿತ್ತು. ಒತ್ತಿದರೆ ಹನ್ನೆರಡು ಪುಟ ತೆರೆದುಕೊಂಡವು. ಒಬ್ಬೊಬ್ಬರಿಗೆ ಒಂದೊಂದು ಪುಟ, ಮೇಲೊಂದು ಒಟ್ಟು ವರದಿ. ಆ ಪುಟದ ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಯಾರೋ ಬರೆದಿದ್ದರು: 'ಸದ್ಯಕ್ಕೆ ಯಾರಿಗೂ ತಿಳಿಸುವುದು ಬೇಡ. ಆಡಿಟ್ ಮುಗಿಯಲಿ.' ಫೈಲಿನ ಹೆಸರು 'ಇತರೆ 2018 ವಿಎನ್‌ಜೆ'. ಕೊನೆಯ ಮೂರಕ್ಷರ ಅವಳದೇ. ತಾನು ಸ್ಕ್ಯಾನ್ ಮಾಡಿದ್ದಕ್ಕೆಲ್ಲ ಅವಳು ಹಾಕುತ್ತಿದ್ದ ಗುರುತು.

ನೆನಪು ಮಾಡಿಕೊಳ್ಳಲು ಕಷ್ಟವಾಗಲಿಲ್ಲ. ಆ ವರ್ಷ ಆಫೀಸನ್ನು ಮೊದಲ ಮಹಡಿಗೆ ಸಾಗಿಸುವಾಗ ಆಡಳಿತ ವಿಭಾಗದಿಂದ ಮೂರು ಗೋಣಿಚೀಲ ಹಳೆಯ ಕಾಗದ ಬಂದಿತ್ತು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಮೂಲವನ್ನು ಚೂರು ಮಾಡಲು ಕಳಿಸಬೇಕಿತ್ತು. ದಿನಕ್ಕೆ ನಾನೂರು ಹಾಳೆ. ಇಂಗ್ಲಿಷಿನ ಹಾಳೆಗಳನ್ನು ಓದದೆ, ನಾಲ್ಕು ಮೂಲೆ ನೇರ ಮಾಡಿ ಯಂತ್ರಕ್ಕೆ ಕೊಡುತ್ತಿದ್ದಳು. ಅವುಗಳಲ್ಲಿ ಅಣ್ಣನ ಹೆಸರಿನ ಹಾಳೆಯೂ ಅವಳ ಬೆರಳ ಕೆಳಗೇ ಹಾದುಹೋಗಿತ್ತು. ಆಗ ಅವನು ಇನ್ನೂ ಮೆಟ್ಟಿಲು ಹತ್ತುತ್ತಿದ್ದ.

"ಅಕ್ಕ, ಯಾಕೆ?" ಎಂದಳು ಬಿಂದುಶ್ರೀ.

"ಇದು ನಮ್ಮಣ್ಣ," ಎಂದು ವನಜಾ ಹೆಸರಿನ ಮೇಲೆ ಬೆರಳಿಟ್ಟಳು.

ಬಿಂದುಶ್ರೀ ಎದ್ದು ಹೋಗಿ ನೀರು ತಂದಿಟ್ಟಳು. ನಿಯಮದ ಪ್ರಕಾರ ಸಿಕ್ಕಿದ್ದನ್ನು ದಾಖಲಿಸಬೇಕಿತ್ತು. ವನಜಾ ನೀರು ಕುಡಿದಾದ ಮೇಲೆ ಅವಳು ದಾಖಲಿಸಿದಳು.

ಮರುದಿನ ಬೆಳಿಗ್ಗೆ ಸಂಗಮೇಶ್ ಕೋಣೆಗೆ ಇಬ್ಬರನ್ನೂ ಕರೆಸಿದ. ಆಡಳಿತ ವಿಭಾಗದ ಮುಖ್ಯಸ್ಥ ಚನಬಸಪ್ಪ ಅಲ್ಲೇ ಕೂತಿದ್ದರು. ನಿವೃತ್ತಿಗೆ ಎಂಟು ತಿಂಗಳಿದ್ದ ಮನುಷ್ಯ. ನೀಲಿ ಶಾಯಿಯ ಅಕ್ಷರ ಅವರದು ಎಂಬುದು ವನಜಾಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಇಪ್ಪತ್ತೊಂದು ವರ್ಷ ಅವಳ ರಜೆ ಅರ್ಜಿಗಳ ಮೇಲೆ ಅದೇ ಅಕ್ಷರ ಬಿದ್ದಿತ್ತು.

ಮೊದಲು ಮಾತಾಡಿದವರು ಅವರೇ. "ಜನರ ಕಾಯಿಲೆ ವಿಷಯ ಎಲ್ಲರಿಗೂ ಕಾಣೋ ಹಂಗೆ ಇರಬಾರದು. ಕಾನೂನೂ ಅದನ್ನೇ ಹೇಳುತ್ತೆ. ಗೋಪ್ಯ ಅಂತ ಗುರುತು ಹಾಕಿ, ನನಗೂ ಸಾಹೇಬ್ರಿಗೂ ಬಿಟ್ಟು ಬೇರೆ ಯಾರಿಗೂ ಬೇಡ."

"ಎಲ್ಲರಿಗೂ ಕಾಣಬಾರದು, ಕರೆಕ್ಟ್ ಸರ್," ಎಂದಳು ಬಿಂದುಶ್ರೀ. "ಆದ್ರೆ ಆಯಾ ವ್ಯಕ್ತಿಗೆ ಅವನದು ಕಾಣಬೇಕು. ಅದು ಅವನ ಮಾಹಿತಿ. ಹನ್ನೊಂದು ಜನಕ್ಕೂ ಅವರವರ ಪುಟ ಕೊಟ್ಟು ಆಮೇಲೆ ಬೀಗ ಹಾಕೋಣ. ನನ್ನ ರಿಪೋರ್ಟಲ್ಲಿ ಹಂಗೇ ಬರೀತೀನಿ."

"ಸಲಹೆ ಅಂತ ಬರೀರಿ. ಮಾಡೋದು ಬಿಡೋದು ನಮಗೆ ಬಿಡಿ," ಎಂದ ಸಂಗಮೇಶ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. ವನಜಾಳ ಕಡೆ ತಿರುಗಿ, "ನಿಮ್ಮಣ್ಣನ ವಿಷಯಕ್ಕೆ ನನಗೂ ನೋವಿದೆ. ಆಗ ಅಪ್ಪಾಜಿ ನೋಡ್ಕೊಳ್ತಾ ಇದ್ರು. ಹೋದೋರನ್ನ ತರೋಕಾಗಲ್ಲ. ಈಗ ಇದು ಹೊರಗೆ ಹೋದ್ರೆ ಗ್ರಾಹಕರು ಆರ್ಡರ್ ನಿಲ್ಲಿಸಿಬಿಡ್ತಾರೆ. ಇನ್ನೂರ ನಲವತ್ತು ಜನ ಬೀದಿಗೆ ಬರ್ತಾರೆ. ಶುಕ್ರವಾರದೊಳಗೆ ಗುರುತು ಹಾಕಿಬಿಡಿ ವನಜಾ" ಅಂದ.

"ಇವರಲ್ಲಿ ನಾಲ್ಕು ಜನ ಇವತ್ತೂ ತೊಟ್ಟಿ ಮುಂದೆ ನಿಂತಿದಾರೆ ಸಾರ್," ಎಂದಳು ವನಜಾ.

"ಫ್ಯಾನು ರಿಪೇರಿಗೆ ಹೇಳಿದೀನಿ," ಎಂದರು ಚನಬಸಪ್ಪ.

ಹೊರಗೆ ಬಂದ ಮೇಲೆ ಬಿಂದುಶ್ರೀ ಲಿಫ್ಟಿನ ಹತ್ತಿರ ನಿಂತಳು. "ನನ್ನ ಕೈಲಿ ಆಗೋದು ಇಷ್ಟೇ ಅಕ್ಕ. ರಿಪೋರ್ಟ್ ನಮ್ಮ ಮ್ಯಾನೇಜರ್ ನೋಡ್ತಾರೆ. ಅವರಿಗೆ ಈ ಕಂಪನಿ ಕಸ್ಟಮರ್." ಅವಳ ಕಣ್ಣು ಕೆಂಪಾಗಿತ್ತು. ವನಜಾ ಅವಳ ತೋಳು ಮುಟ್ಟಿ, "ಇರ್ಲಿ ಬಿಡಮ್ಮ" ಎಂದಳು. ಕೊನೆಗೆ ಸಿದ್ಧವಾದ ವರದಿಯಲ್ಲಿ ಆ ಸಲಹೆ ಅನುಬಂಧದ ಮೂರನೆಯ ಪುಟಕ್ಕೆ ಹೋಗಿತ್ತು.

ಎರಡು ದಿನ ವನಜಾ ಮನೆಯಲ್ಲಿ ಬಾಯಿ ಬಿಡಲಿಲ್ಲ. ಅತ್ತಿಗೆ ಲಕ್ಷ್ಮಮ್ಮ ಕೆಳಮನೆಯಲ್ಲಿ ಒಬ್ಬಳೇ ಇದ್ದಳು. ಎಂದಿನಂತೆ ಸಂಜೆ ಕಾಫಿಗೆ ಕರೆದಳು. ವನಜಾ ತಲೆನೋವು ಎಂದು ಮೇಲೆ ಹೋದಳು. ಸಹಿ ಹಾಕಿದ ನಿಯಮ ಅವಳಿಗೆ ಬಾಯಿಪಾಠವಿತ್ತು. ಒಬ್ಬರ ಕಾಯಿಲೆಯ ವಿಷಯ ಇನ್ನೊಬ್ಬರಿಗೆ ತಿಳಿಯಬಾರದು ಎಂಬುದು ಸರಿಯೆಂದೇ ಅವಳಿಗೆ ಅನ್ನಿಸುತ್ತಿತ್ತು. ಆದರೆ ಅದೇ ಗುರುತು ಒತ್ತಿದರೆ ಕಾಯಿಲೆ ಬಂದವನಿಗೂ ಬಾಗಿಲು ಮುಚ್ಚುತ್ತದೆ. ಬಾಗಿಲು ಮುಚ್ಚುವುದು ಅವಳ ಕೆಲಸ. ಒಳಗಿದ್ದವರನ್ನು ಮೊದಲು ಹೊರಗೆ ಕರೆಯುವುದು ಯಾರ ಕೆಲಸ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಹನ್ನೊಂದು ಪುಟಗಳನ್ನು ಪ್ರಿಂಟ್ ಮಾಡಿದಳು. ಪ್ರಿಂಟಿನ ಲೆಕ್ಕ ಎಲ್ಲೋ ಬೀಳುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಚಾಲೂ ಮಾಡುವಾಗ ಪಕ್ಕದಲ್ಲೇ ಕೂತಿದ್ದಳಲ್ಲ. ಒಟ್ಟು ವರದಿಯ ಪುಟವನ್ನು ಮಾತ್ರ ಪ್ರಿಂಟ್ ಮಾಡಲಿಲ್ಲ, ಅದರಲ್ಲಿ ಎಲ್ಲರ ಹೆಸರೂ ಇತ್ತು. ಒಬ್ಬೊಬ್ಬರ ಪುಟವನ್ನೂ ಒಂದೊಂದು ಲಕೋಟೆಗೆ ಹಾಕಿ ಅಂಟಿಸಿ ಮೇಲೆ ಹೆಸರು ಬರೆದಳು. ಶುಕ್ರವಾರ ಬೆಳಿಗ್ಗೆ ಹೇಳಿದ ಹಾಗೆಯೇ ಫೈಲಿಗೆ ಗೋಪ್ಯವೆಂದು ಗುರುತು ಹಾಕಿದಳು. ಪರೀಕ್ಷಾ ಖಾತೆಯಿಂದ ಮತ್ತೆ ಅದೇ ಪ್ರಶ್ನೆ ಕೇಳಿದಳು. ಸುರಕ್ಷತಾ ಕನ್ನಡಕ, ಕೈಗವಸು ಧರಿಸಿ ಎಂದು ಸಹಾಯಕ ಹೇಳಿತು. ಬೇರೇನೂ ಹೇಳಲಿಲ್ಲ.

ಹನ್ನೊಂದು ಮಂದಿಯಲ್ಲಿ ಮೂವರು ಸತ್ತಿದ್ದರು. ನಾಲ್ವರು ಕೆಲಸ ಬಿಟ್ಟಿದ್ದರು, ಅವರಲ್ಲಿ ಇಬ್ಬರ ವಿಳಾಸ ಮಾತ್ರ ಸಿಕ್ಕಿತು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅವಳು ಮೊದಲು ಹೋದದ್ದು ಮಾದನಾಯಕನಹಳ್ಳಿಯ ನಲ್ಲಪ್ಪನ ಮನೆಗೆ. ಅಣ್ಣನ ಜೊತೆ ಒಂದೇ ತೊಟ್ಟಿಯಲ್ಲಿ ಕೆಲಸ ಮಾಡಿದವನು, ಈಗಲೂ ಅಲ್ಲೇ ಇದ್ದವನು. ಐವತ್ತನಾಲ್ಕು ವಯಸ್ಸು. ಗೋದಾಮುಗಳ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಕಟ್ಟೆಯ ಮೇಲೆ ಕೂತು ಅವಳು ಪುಟವನ್ನು ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳಿದಳು. ಅವನು ಕೇಳಿದ.

"ಮೂಗ್ನಾಗೆ ತೂತು ಬಿದ್ದಿರೋದು ಗೊತ್ತು ಕಣಮ್ಮ," ಎಂದ. "ಎಲ್ಲಾರ್ಗೂ ಬಿದ್ದಿತ್ತು. ಈ ಹೊಳ್ಳೆಯಿಂದ ದಾರ ಬಿಟ್ಟು ಆ ಹೊಳ್ಳೆಯಿಂದ ಎಳೀತಿದ್ವಿ. ಹೊಸಬರು ಬಂದ್ರೆ ತೋರಿಸಿ ನಗಾಡೋದು. ನಿಮ್ಮಣ್ಣ ಚೆನ್ನಾಗಿ ಮಾಡೋನು. ಅದು ಕೆಲ್ಸದ ಗುರ್ತು ಅಂತ ಅಂದ್ಕೊಂಡಿದ್ವಿ."

"ಯಾರಿಗೂ ತೋರಿಸ್ಲಿಲ್ವಾ?"

"ಡಾಕ್ಟ್ರು ಬಂದು ನೋಡಿ ಬರ್ಕೊಂಡು ಹೋದ್ರಲ್ಲ. ತೊಂದ್ರೆ ಇದ್ದಿದ್ರೆ ಹೇಳ್ತಿದ್ರು ಅಂತ ಸುಮ್ನಾದ್ವಿ." ಹಾಳೆಯನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ. "ಈಗ ಒಂಬತ್ತು ವರ್ಷ ಆದ್ಮೇಲೆ ತಂದ್ಕೊಟ್ಯಲ್ಲಮ್ಮ. ನಾನೇನ್ ಮಾಡ್ಲಿ ಇದನ್ನ?"

ಸೋಮವಾರ ಇಎಸ್ಐ ಆಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಬೇಕು ಎಂದು ಅವಳು ಹೇಳಿದಳು.

ಇನ್ನೂ ಅದೇ ಶೆಡ್ಡಿನಲ್ಲಿ ಕೆಲಸಕ್ಕಿದ್ದ ಕೃಷ್ಣ ಎಂಬವನು ಬಾಗಿಲಲ್ಲೇ ನಿಂತು ಲಕೋಟೆಯನ್ನು ಇಸಿದುಕೊಂಡ, ಒಳಗೆ ಕರೆಯಲಿಲ್ಲ. "ನೀವು ಬಂದಿದ್ದು ಯಾರಿಗೂ ಹೇಳಬೇಡಿ ಅಕ್ಕ" ಎಂದ. ಸತ್ತವನೊಬ್ಬನ ಹೆಂಡತಿ ಪಿಳ್ಳಮ್ಮ ಮಾತ್ರ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ದೇವರ ಫೋಟೋದ ಹಿಂದೆ ಇಟ್ಟಳು. ಅದರಲ್ಲಿ ಏನು ಬರೆದಿದೆ ಎಂದು ಕೇಳಲಿಲ್ಲ. ವನಜಾಗೆ ಹೇಳುವ ಧೈರ್ಯವೂ ಬರಲಿಲ್ಲ. ಗಂಡನ ಹೆಸರಿನ ಕಾಗದ ಎಂದಷ್ಟೇ ಹೇಳಿ ಎದ್ದುಬಂದಳು. ಆ ಸಂಕೋಚಕ್ಕೆ ಅವಳು ಆಮೇಲೆ ಬಹಳ ದಿನ ನಾಚಿಕೊಂಡಳು. ಮುಂದಿನ ತಿಂಗಳು ಮತ್ತೆ ಹೋಗಿ ಪೂರ್ತಿ ಓದಿ ಹೇಳಿದಳು.

ಭಾನುವಾರ ಬೆಳಿಗ್ಗೆ ಅಣ್ಣನ ಹೆಸರಿನ ಲಕೋಟೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಲಕ್ಷ್ಮಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ವನಜಾ ಎದುರಿಗೆ ಕೂತು ತಾನೂ ಒಂದಷ್ಟು ಬಿಡಿಸಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. 2016ರ ವರದಿ, ನೀಲಿ ಶಾಯಿ, ಗೋಣಿಚೀಲ, ತಾನು ಓದದೆ ಸ್ಕ್ಯಾನ್ ಮಾಡಿದ್ದು, ಯಾವುದನ್ನೂ ಬಿಡಲಿಲ್ಲ.

ಲಕ್ಷ್ಮಮ್ಮನ ಕೈ ನಿಂತಿತು. "ಅಂಗಾದ್ರೆ ಬೀಡಿ ಅಲ್ವಾ?"

"ಬೀಡಿನೂ ಸೇರಿರ್ಬೋದು ಅತ್ತಿಗೆ. ಆದ್ರೆ ಕಾಯಿಲೆ ಬರೋಕ್ಕೂ ಮುಂಚೇನೇ ಈ ವಿಷ ಒಳಗೆ ಹೋಗಿತ್ತು."

"ಬೀಡಿ ಬಿಡ್ಲಿ ಅಂತ ನಾನು ಎರಡು ವರ್ಷ ಅವ್ನತ್ರ ಮಾತು ಬಿಟ್ಟಿದ್ದೆ," ಎಂದಳು ಲಕ್ಷ್ಮಮ್ಮ. "ತಟ್ಟೆ ಇಟ್ಟು ಈಚೆಗ್ ಬಂದ್ಬಿಡ್ತಿದ್ದೆ. ಕೊನೇ ಕೊನೇಗೆ ನೀನೇ ತಂದ್ಕೊಂಡಿದ್ದು ಅನುಭವಿಸು ಅಂತ ಅಂದ್ಬಿಟ್ಟೆ. ಅವ್ನು ಹೂಂ ಅಂದ."

ಅವಳು ಅಳಲಿಲ್ಲ. ಸಿಪ್ಪೆಯನ್ನೂ ಕಾಳನ್ನೂ ಒಂದೇ ಮೊರದಲ್ಲಿ ಸೇರಿಸಿ ಒಳಗೆ ಹೋದಳು. ಒಳಗಿನಿಂದಲೇ, "ನಿನ್ ಕೈಯಾಗೇ ಇತ್ತಾ ವನಜಾ ಆ ಕಾಗ್ದ?" ಎಂದು ಕೇಳಿದಳು. ವನಜಾ ಇತ್ತು ಎಂದಳು. ಆಮೇಲೆ ಮೂರು ವಾರ ಕೆಳಮನೆಯಿಂದ ಕಾಫಿಗೆ ಕರೆ ಬರಲಿಲ್ಲ.

ಮಂಗಳವಾರ ಚನಬಸಪ್ಪ ಕರೆಸಿದರು. ಮೇಜಿನ ಮೇಲೆ ಪ್ರಿಂಟಿನ ಲೆಕ್ಕದ ಹಾಳೆಯಿತ್ತು: ಗುರುವಾರ, ಮಧ್ಯಾಹ್ನ ಒಂದು ಹತ್ತು, ಹನ್ನೊಂದು ಪುಟ, ಬಳಕೆದಾರರು ವನಜಾ. ಪಕ್ಕದಲ್ಲಿ ಅವಳೇ ಮೊದಲು ಸಹಿ ಹಾಕಿದ್ದ ನಿಯಮಪತ್ರ.

"ಒಬ್ಬರ ಪುಟ ಇನ್ನೊಬ್ಬರಿಗೆ ತೋರಿಸಿಲ್ಲ ಸಾರ್. ಅವರವರ ಪುಟ ಅವರವರಿಗೆ ಕೊಟ್ಟಿದೀನಿ," ಎಂದಳು.

"ಕೊಡೋ ಅಧಿಕಾರ ನಿಮಗೆ ಯಾರು ಕೊಟ್ರು?"

"ಕೊಡಬೇಡಿ ಅಂತ ಬರೆಯೋ ಅಧಿಕಾರ ನಿಮಗೆ ಯಾರು ಕೊಟ್ರು ಸಾರ್?"

ಇಪ್ಪತ್ತೊಂದು ವರ್ಷದಲ್ಲಿ ಅವಳು ಅವರಿಗೆ ಎದುರು ಮಾತಾಡಿದ್ದು ಅದೊಂದೇ ಸಲ. ಚನಬಸಪ್ಪ ಕನ್ನಡಕ ತೆಗೆದು ಒರೆಸುತ್ತ ಕೂತರು. "ದೊಡ್ಡ ಸಾಹೇಬ್ರು ಹೇಳಿದ್ರು, ಬರೆದೆ. ಆಡಿಟ್ ಆದ್ಮೇಲೆ ನೆನಪು ಮಾಡೋಣ ಅಂದ್ಕೊಂಡೆ. ಆಮೇಲೆ ಮರೆತುಹೋಯ್ತು," ಎಂದರು. ಅವರು ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಹೆಚ್ಚು ಸಂಕಟವಾಯಿತು.

ಅಂದು ಸಂಜೆಯೇ ಅವಳ ಖಾತೆಯನ್ನು ಮುಚ್ಚಿದರು. ಗುಪ್ತ ಮಾಹಿತಿ ಹೊರಗೆ ಒಯ್ದ ಕಾರಣಕ್ಕೆ ಅಮಾನತು, ಒಂದೂವರೆ ತಿಂಗಳ ಮೇಲೆ ವಜಾ. ಮೊದಲೇ ಗೊತ್ತುಮಾಡಿದ ದಿನಕ್ಕೇ ಎಐ ಸಹಾಯಕ ಕಾರ್ಖಾನೆಯಲ್ಲಿ ಚಾಲೂ ಆಯಿತು. ತುಂಬ ಚೆನ್ನಾಗಿದೆ, ಯಾವ ನಕ್ಷೆ ಕೇಳಿದರೂ ತೆಗೆದುಕೊಡುತ್ತದೆ ಎಂದು ಜನ ಹೇಳುತ್ತಿದ್ದರು. ಹೊರದೇಶದ ಗ್ರಾಹಕರು ಬಂದು ನೋಡಿ ಭದ್ರತೆಗೆ ತೃಪ್ತಿ ಸೂಚಿಸಿದರು. ಅವರು ನೋಡಿದ್ದು ಸರಿಯಾಗಿಯೇ ಇತ್ತು. ಅದನ್ನು ಕಟ್ಟಿದ ಕೈಗಳಲ್ಲಿ ವನಜಾಳದೂ ಒಂದು.

ನಲ್ಲಪ್ಪ ಸೋಮವಾರ ಹೋಗಲಿಲ್ಲ. ಎರಡು ವಾರ ಬಿಟ್ಟು ಯಾರಿಗೂ ಹೇಳದೆ ಇಎಸ್ಐ ಆಸ್ಪತ್ರೆಗೆ ಹೋದ. ಬಲಗಡೆಯ ಶ್ವಾಸಕೋಶದಲ್ಲಿ ನಿಂಬೆಹಣ್ಣಿನ ಗಾತ್ರದ ಗಡ್ಡೆಯಿತ್ತು. ಜೇಬಿನಲ್ಲಿದ್ದ ಹಾಳೆಯನ್ನು ಡಾಕ್ಟರಿಗೆ ತೋರಿಸಿದ. ಅವರು ಕಾರ್ಖಾನೆಗಳ ಇಲಾಖೆಗೆ ಪತ್ರ ಬರೆದರು. ತಪಾಸಣೆಗೆ ಜನ ಬಂದರು, ಕೆಟ್ಟ ಫ್ಯಾನುಗಳನ್ನು ಬದಲಾಯಿಸಲಾಯಿತು, ತೊಟ್ಟಿಗಳಿಗೆ ಮುಚ್ಚಳ ಬಂತು. ಉಳಿದ ಮೂವರನ್ನು ಪ್ಯಾಕಿಂಗ್ ವಿಭಾಗಕ್ಕೆ ಕಳಿಸಿದರು. ಆ ಮೂವರಲ್ಲಿ ಇಬ್ಬರು, ತಮಗೆ ಯಾವ ಹಾಳೆಯೂ ಬಂದಿಲ್ಲ, ವನಜಾ ಎಂಬವರು ತಮ್ಮ ಮನೆಗೆ ಬಂದಿಲ್ಲ ಎಂದು ಬರೆದುಕೊಟ್ಟರು. ಕೃಷ್ಣ ಅವರಲ್ಲೊಬ್ಬ. ವನಜಾ ಅವನನ್ನು ದೂರಲಿಲ್ಲ. ಬದುಕಿರುವವನಿಗೆ ಕೆಲಸ ಬೇಕು.

ವರದಿ ಮುಚ್ಚಿಟ್ಟ ಬಗ್ಗೆ ಇಲಾಖೆಯ ವಿಚಾರಣೆ ದೀಪಾವಳಿ ಕಳೆದ ಮೇಲೆ ನಡೆಯಿತು. ಆ ದಿನ ಬೆಳಿಗ್ಗೆ ವನಜಾ ಹೊರಡುವಾಗ ಲಕ್ಷ್ಮಮ್ಮ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. "ನಾನೂ ಬತ್ತೀನಿ" ಎಂದಳು. ಇಬ್ಬರೂ ಒಂದೇ ಬಸ್ಸು ಹತ್ತಿದರು.

ಅಧಿಕಾರಿ ಸೌಮ್ಯ ಮನುಷ್ಯ. ಕಂಪನಿಯ ವಕೀಲರು ಒಂದು ಮಾತನ್ನೇ ಮತ್ತೆ ಮತ್ತೆ ಹೇಳಿದರು: ಮೂಲ ವರದಿ 2018ರಲ್ಲೇ ನಾಶವಾಗಿದೆ. ಈಗಿರುವ ಪ್ರತಿಗಳು ಅನುಮತಿಯಿಲ್ಲದೆ ತೆಗೆದವು, ಅವುಗಳ ಸತ್ಯಾಸತ್ಯತೆ ಅನುಮಾನಾಸ್ಪದ. ಕಂಪ್ಯೂಟರಿನಲ್ಲಿರುವ ಪ್ರತಿ ನೌಕರರ ವೈಯಕ್ತಿಕ ಮಾಹಿತಿಯಾದ್ದರಿಂದ ಕಾನೂನಿನ ಪ್ರಕಾರ ರಕ್ಷಿಸಲ್ಪಟ್ಟಿದೆ. ಅದನ್ನು ಒದಗಿಸಲು ಕಾಲಾವಕಾಶ ಬೇಕು.

ಅಧಿಕಾರಿ ವನಜಾಳ ಕಡೆ ತಿರುಗಿದರು. "ಆ ಕಡತವನ್ನ ಸ್ಕ್ಯಾನ್ ಮಾಡಿದ್ದು ಯಾರಮ್ಮ?"

"ನಾನೇ ಸಾರ್."

"ಮೂಲವನ್ನ ಚೂರು ಮಾಡೋಕೆ ಕಳಿಸಿದ್ದು?"

"ನಾನೇ."

"ಯಾರೂ ನೋಡಬಾರದು ಅಂತ ಗುರುತು ಹಾಕಿದ್ದು?"

"ಅದೂ ನಾನೇ ಸಾರ್," ಎಂದಳು ವನಜಾ. "ಕೊಟ್ಟಿದ್ದೂ ನಾನೇ. ಅದನ್ನೂ ಬರ್ಕೊಳ್ಳಿ."

ಅಧಿಕಾರಿ ಬರೆದುಕೊಂಡರು. ಮೂಲ ಕಂಪ್ಯೂಟರ್ ಪ್ರತಿಯನ್ನು ಆರು ವಾರದೊಳಗೆ ಹಾಜರುಪಡಿಸುವಂತೆ ಕಂಪನಿಗೆ ಆದೇಶಿಸಿ ಮುಂದಿನ ದಿನಾಂಕ ಕೊಟ್ಟರು. ಜನವರಿ ಹತ್ತೊಂಬತ್ತು. ನಲ್ಲಪ್ಪ ಬಂದಿರಲಿಲ್ಲ, ಅವನನ್ನು ಆಸ್ಪತ್ರೆಗೆ ಸೇರಿಸಿ ಒಂಬತ್ತು ದಿನವಾಗಿತ್ತು. ಅಷ್ಟು ದಿನ ಅವನು ಇರುತ್ತಾನೋ ಇಲ್ಲವೋ ಎಂದು ಡಾಕ್ಟರು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಗೊರಗುಂಟೆಪಾಳ್ಯ ದಾಟಿದ ಮೇಲೆ ಒಂದು ಸೀಟು ಖಾಲಿಯಾಯಿತು. ಲಕ್ಷ್ಮಮ್ಮ ವನಜಾಳ ರಟ್ಟೆ ಹಿಡಿದು ಅದರಲ್ಲಿ ಕೂರಿಸಿದಳು. ತಾನು ಕಂಬಿ ಹಿಡಿದು ಪಕ್ಕದಲ್ಲಿ ನಿಂತು, "ನಾಳೆ ನಲ್ಲಪ್ಪನ್ನ ನೋಡ್ಕೊಂಡ್ ಬರಾಣ, ಅವ್ನಿಗೆ ಗಂಜಿ ಮಾಡ್ಕೊಂಡ್ ಹೋಗಾಣ" ಎಂದಳು.

ವನಜಾ ಆಗಲಿ ಎಂದಳು.